ಮುಚ್ಚಳದ ಮೇಲಿನ ಹೆಸರು

ಬೆಳಗಿನ ಜಾವ ನಾಲ್ಕಕ್ಕೆ ಆಸ್ಪತ್ರೆಯ ಹಿಂಬಾಗಿಲಲ್ಲಿ
ಸಹಿ ಹಾಕಿ ಇಸಕೊಂಡೆ.
ಬಿಳಿ ಪ್ಲಾಸ್ಟಿಕ್ ಬಕೆಟ್ಟು, ಬಣ್ಣದಂಗಡಿಯಲ್ಲಿ ಸಿಗುವಂಥದು,
ಮುಚ್ಚಳದ ಸುತ್ತ ಮೂರು ಸುತ್ತು ಟೇಪು.
ಒಳಗೆ ಫಾರ್ಮಲಿನ್ನಿನಲ್ಲಿ
ಮಾಗ್ರೀತಾ ಆಪೊಲಿಸಳ ಎರಡು ಶ್ವಾಸಕೋಶ, ಒಂದು ಹೃದಯ.
ಹೃದಯ ಯಾಕೆ ಅಂದೆ.
ಕಾನೂನಿನಲ್ಲಿ ಹಾಗಿದೆ ಅಂದಳು ನರ್ಸು.

ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿದೆ.
ಜೋಹಾನ್ಸ್‌ಬರ್ಗಿಗೆ ಇಡೀ ಹಗಲಿನ ದಾರಿ.
ಬದುಕಿದ್ದಾಗ ಕಿಂಬರ್ಲಿ ದಾಟಿದವಳಲ್ಲ ಅವಳು.

ನದಿಯಾಚೆ ಗುಡ್ಡದ ಹೊಟ್ಟೆಯಿಂದ
ಗಂಡ ಆಂದ್ರೀಸ್ ಕಲ್ಲು ತರುವನು.
ಬುಡದಲ್ಲಿ ಕೂತು ಇವಳು ಸುತ್ತಿಗೆಯಿಂದ ಕುಟ್ಟಿ
ಅವರೆಕಾಯಿ ಸುಲಿದಂತೆ ನಾರು ಬಿಡಿಸುವಳು.
ನೀಲಿ ನಾರು. ಮುಟ್ಟಿದರೆ ಬೆಕ್ಕಿನ ಮರಿಯ ಮೈ.
ಲಾರಿ ಬಂದು, ಮೂಟೆ ತೂಗಿ,
ಆಂದ್ರೀಸನ ಹೆಸರಿಗೆ ಬರೆದುಕೊಂಡು ಹೋಗುವುದು.
ನಮ್ಮನ್ನು, ಐದಾರು ವರ್ಷದ ಹುಡುಗರನ್ನು,
ಚೀಲದೊಳಗೆ ಇಳಿಸುವರು:
ತುಳೀರೋ, ಇನ್ನೊಂದಿಷ್ಟು ಹಿಡಿಸಲಿ.
ತುಳಿದೆವು. ಕುಣಿಕುಣಿದು ತುಳಿದೆವು.
ಸಂಜೆಗೆ ಕಂಪನಿ ಅಂಗಡಿಯಲ್ಲಿ ತಲೆಗೊಂದು ಪೆಪ್ಪರಮಿಂಟು.

ನಲವತ್ತು ವರ್ಷ ಸುಮ್ಮನಿತ್ತು ಕಲ್ನಾರು.
ಮನೆಗೆ ಬಂದ ಅಳಿಯನಂತೆ
ಒಂದು ಮೂಲೆಯಲ್ಲಿ ತೆಪ್ಪಗೆ.
ಆಮೇಲೆ ಒಂದು ದಿನ ಬಟ್ಟೆ ಒಣಹಾಕಲು ತೋಳೆತ್ತಿದವಳು
ಎತ್ತಿದ ತೋಳು ಇಳಿಸಲಾರದೆ
ತಂತಿ ಹಿಡಿದು ನಿಂತಿದ್ದಳು, ಮಧ್ಯಾಹ್ನದವರೆಗೆ.

ಕಾಗದ ಬಂತು: ನೌಕರರ ಪಟ್ಟಿಯಲ್ಲಿ ಈ ಹೆಸರಿಲ್ಲ.
ಕಂಪನಿಯೂ ಇಲ್ಲ. ಮೂರು ಸಲ ಮಾರಿಕೊಂಡು
ಮೂರು ಸಲ ಹೆಸರು ಬದಲಿಸಿಕೊಂಡು
ಯಾವುದೋ ಸಮುದ್ರದಾಚೆ ಕ್ಷೇಮವಾಗಿದೆ.
ಒಂದು ಕಾಲದಲ್ಲಿ ಇದೇ ಕಾನೂನು
ಬಿಳಿಯರ ಎದೆಗೊಂದು ದರ, ನಮ್ಮ ಎದೆಗೊಂದು ದರ
ಕಟ್ಟಿತ್ತು; ಈಗ ದರ ಒಂದೇ, ದಾಖಲೆ ಬೇಕು.
ಕಾನೂನು ನೆರವಿನ ಹುಡುಗಿ ಖೊಮೊತ್ಸೊ
ಹಳೆಯ ಅಂಗಡಿಯ ಅಟ್ಟ ಹತ್ತಿ, ಇಲಿಹಿಕ್ಕೆ ಕೊಡವಿ
ಸಾಲದ ಪುಸ್ತಕ ಇಳಿಸಿದಳು. ಅದರಲ್ಲಿ ಒಂದು ಸಾಲು:
ಆಂದ್ರೀಸನ ಹೆಂಗಸು, ಸಕ್ಕರೆ ಎರಡು ಪೌಂಡು,
ಕುಟ್ಟಿದ ಮೂಟೆಗೆ ವಜಾ.
ಅಷ್ಟೇ. ಇಪ್ಪತ್ತೆರಡು ವರ್ಷದ ದುಡಿಮೆಗೆ ಎರಡು ಪೌಂಡು ಸಕ್ಕರೆ
ಸಾಕ್ಷಿ ಹೇಳಿತು, ಅರ್ಧ.
ಉಳಿದರ್ಧ ಎದೆಯೊಳಗಿತ್ತು.

ಸತ್ತ ಮೇಲೆ ತೆಗೆದು ಕಳಿಸಬಹುದು, ಒಪ್ಪಿಗೆ ಬೇಕು,
ಅಂದಾಗ ಮಗಳು ಡೆನೀಲಾ ಚೀರಿದಳು:
ಕಡೆಯ ದಿನ ಎಲ್ಲರೂ ಗೋರಿಯಿಂದೇಳುವಾಗ
ಅಮ್ಮ ಉಸಿರಿಲ್ಲದೆ ಹೇಗೆ ಏಳುತ್ತಾಳೆ?
ಆಕ್ಸಿಜನ್ ಕೊಳವೆ ಮೂಗಿಂದ ಸರಿಸಿ
ಮಾಗ್ರೀತಾ ಅಂದದ್ದು ನಾನೇ ಕೇಳಿದೆ:
ಎದ್ದ ಮೇಲೂ ಇದರಲ್ಲೇ ಉಸಿರಾಡಬೇಕೇನೇ?
ಬೇಡ ಕಣೇ. ದೇವರ ಹತ್ತಿರ ಬೇರೆ ಇದ್ದೇ ಇರುತ್ತದೆ.

ಹೂವಿನ ಜೊತೆ ನಾರೂ ಸ್ವರ್ಗ ಸೇರುತ್ತದಂತೆ.
ನಾರು ಮಾತ್ರ ನನ್ನ ಹಿಂದಿನ ಸೀಟಿನಲ್ಲಿ
ಪ್ರತಿ ಉಬ್ಬಿಗೂ ಕುಲುಕಾಡುತ್ತ ಬರುತ್ತಿತ್ತು.

ಪೆಟ್ರೋಲು ಬಂಕಿನ ಹುಡುಗ ಗಾಜು ಒರೆಸುತ್ತ ಕೇಳಿದ,
ಏನಣ್ಣಾ, ಜೇನುತುಪ್ಪವಾ?
ಹೂಂ ಅಂದೆ. ಯಾಕೆ ಹಾಗಂದೆನೋ.
ಮತ್ತೆ ಗಾಡಿ ಹೊರಡಿಸಿ ಹತ್ತು ಮೈಲಿ
ಕ್ಷಮಿಸು ತಾಯಿ, ಕ್ಷಮಿಸು ಅಂತ ಹೇಳುತ್ತಲೇ ಹೋದೆ.
ಬಿಸಿಲೇರಿತ್ತು. ಒಂದೆರಡು ಸಲ ಕೆಮ್ಮಿದೆ.
ನನ್ನ ಎಕ್ಸ್‌ರೇ ಇನ್ನೂ ತೆಗೆಸಿಲ್ಲ.

ಲ್ಯಾಬಿನ ಕಿಟಕಿಯಲ್ಲಿ ದಪ್ಪ ರಿಜಿಸ್ಟರು.
ಮುಚ್ಚಳ ನೋಡಿಕೊಂಡು ಹುಡುಗಿ ಬರೆದಳು,
ಮಾಗ್ರೀತಾ ಆಪೊಲೊ. ವೃತ್ತಿ: ಗೃಹಿಣಿ.
ಹಿಂದೆ ಸರತಿಯಲ್ಲಿ ಏಳು ಜನ,
ಮುಚ್ಚುವ ಹೊತ್ತು.
ಆಪೊಲಿಸ್, ಅಂದೆ. ಹೊಡೆದು ಹಾಕಿ ಬರೆದಳು.
ಪೆನ್ನಿನ ಮುಚ್ಚಳ ಹಾಕಲು ಹೋದಳು.
ತಡೆಯಮ್ಮಾ, ಅಂದೆ,
ಇನ್ನೊಂದು ತಪ್ಪಿದೆ.